ಕೆಂಪು ಕಾರಿನ ಉಸಿರು: ಬಾನೆಟ್ಟಿನೊಳಗಿನ ಬೀಜ

"ಪಟ್ಟಿ ಮುಟ್ಟಬೇಡಿ ಅಕ್ಕ! ಅದು ಹರಿದ್ರೆ ಅದಕ್ಕೂ ನನ್ನನ್ನೇ ಹಿಡೀತಾರೆ."

ಭೋಜರಾಜ ಕೂಗಿದ ರಭಸಕ್ಕೆ ಹರಿಣಾಕ್ಷಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕತ್ತನ್ನು ಮಾತ್ರ ಪೊಲೀಸರ ಹಳದಿ ಪಟ್ಟಿಯ ಆಚೆಗೆ ಚಾಚಿ, ಬಾನೆಟ್ ಎತ್ತಿ ನಿಲ್ಲಿಸಿದ್ದ ಕೆಂಪು ಕಾರನ್ನು ಇಣುಕಿದಳು. ಒಮಾನಿನ ಸೊಹಾರ್ ಪಟ್ಟಣದ ಗರಾಜುಗಳ ಬಡಾವಣೆಯಲ್ಲಿ ಶನಿವಾರ ಮಧ್ಯಾಹ್ನದ ಮೂರು ಗಂಟೆ. ತಗಡಿನ ಶೆಡ್ಡಿನ ಒಳಗೆ ನಿಂತರೆ ಬೆವರು ಕಣ್ಣಿಗೇ ಇಳಿಯುತ್ತಿತ್ತು.

ನಿನ್ನೆ ಬೆಳಿಗ್ಗೆ ಆರೂವರೆಗೆ ಬುರೈಮಿ ರಸ್ತೆಯ ಕಣಿವೆಯಲ್ಲಿ ಚಹಾದಂಗಡಿಯ ಶಹೀದನಿಗೆ ಗುದ್ದಿ, ನಿಲ್ಲಿಸದೆ ಹೋದದ್ದು ಇದೇ ಕಾರು. ಅದರ ಹೆಡ್‌ಲೈಟಿನ ಸುತ್ತ ಇರಬೇಕಾಗಿದ್ದ ಕ್ರೋಮ್ ಬಳೆ ಶಹೀದ ಬಿದ್ದ ಜಾಗದಲ್ಲೇ ಸಿಕ್ಕಿತ್ತು. ಅವನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಆದರೂ ಆ ಬಳೆಯಿಂದಾಗಿ ಕಾರು ಯಾವುದೆಂಬ ಅನುಮಾನ ಯಾರಿಗೂ ಇಲ್ಲ. ಓಡಿಸಿದವರು ಯಾರು ಎನ್ನುವುದಕ್ಕೂ ಉತ್ತರ ಸಿದ್ಧವಾಗಿತ್ತು: ಕಾರು ರಿಪೇರಿಗಿದ್ದದ್ದು ಭೋಜರಾಜನ ಶೆಡ್ಡಿನಲ್ಲಿ, ಆದ್ದರಿಂದ ಭೋಜರಾಜನೇ. ನಾಳೆ ಬೆಳಿಗ್ಗೆ ಹತ್ತಕ್ಕೆ ಅವನು ಠಾಣೆಯಲ್ಲಿರಬೇಕು. ಅಷ್ಟರೊಳಗೆ ಬೇರೇನೂ ಸಿಗದಿದ್ದರೆ ಅವನು ಹೊರಗೆ ಬರುವುದು ಯಾವಾಗ ಎಂದು ಹೇಳುವವರಿಲ್ಲ.

ಹರಿಣಾಕ್ಷಿ ಪೊಲೀಸಿನವಳಲ್ಲ, ವಿಮಾ ಕಂಪನಿಯ ಸರ್ವೇಯರ್. ಮಸ್ಕತ್ತಿನಿಂದ ಸೊಹಾರಿನವರೆಗೆ ಜಜ್ಜಿದ ಗಾಡಿಗಳನ್ನು ನೋಡಿ ವರದಿ ಬರೆಯುವುದು ಹದಿನೇಳು ವರ್ಷಗಳಿಂದ ಅವಳ ಕೆಲಸ. ಈ ಕಾರಿನ ಹೊಸ ಪಾಲಿಸಿ ಶುರುವಾಗಿದ್ದೇ ಶುಕ್ರವಾರ ಮಧ್ಯಾಹ್ನ. ಅಪಘಾತ ಅದಕ್ಕಿಂತ ಮೊದಲು. "ನಮಗೆ ಸಂಬಂಧವೇ ಇಲ್ಲ, ಫೈಲ್ ಮುಚ್ಚಿ ಬಿಡಿ" ಎಂದು ಮ್ಯಾನೇಜರ್ ಬೆಳಿಗ್ಗೆಯೇ ಹೇಳಿದ್ದ. ಮುಚ್ಚು ಎಂದದ್ದನ್ನು ಒಮ್ಮೆ ತೆರೆದು ನೋಡದೆ ಮುಚ್ಚುವ ಅಭ್ಯಾಸ ಹರಿಣಾಕ್ಷಿಗೆ ಹುಟ್ಟಿನಿಂದಲೇ ಇರಲಿಲ್ಲ. ಅದಲ್ಲದೆ ಹತ್ತು ವರ್ಷದ ಪರಿಚಯದಲ್ಲಿ ಭೋಜರಾಜ ಯಾರಿಗೂ ಒಂದು ಬೋಲ್ಟಿನ ಮೋಸ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

"ಬಾನೆಟ್ಟಿನ ಈ ಬಾಯಿ ಈಗ ನಿಜವಾಗ್ಲೂ ಕೆಲಸ ಮಾಡ್ತದಾ ಭೋಜಣ್ಣ? ಇಲ್ಲ, ಬರೀ ಶೋಕಿಗಾ?"

ಅಂಥ ಹೊತ್ತಿನಲ್ಲೂ ಭೋಜರಾಜನ ಮುಖ ಅರಳಿತು.

"ಎಂತ ಕೇಳ್ತೀರಿ ಅಕ್ಕ! ಐವತ್ತು ವರ್ಷದ ಅಮೆರಿಕದ ಗಾಡಿ ಇದು. ಮೇಲೆ ಉಬ್ಬು ಉಂಟಲ್ಲ, ಅದೇ ಇದರ ಮೂಗು. ಎಕ್ಸಿಲೇಟರ್ ಜೋರು ಒತ್ತಿದ್ರೆ ಒಳಗಿನ ಮುಚ್ಚಳ ತೆರೀತದೆ, ಹೊರಗಿನ ತಂಪು ಗಾಳಿ ಸೀದಾ ಇಂಜಿನಿಗೆ. ಮೊದಲಿನ ಯಾರೋ ಪುಣ್ಯಾತ್ಮ ಅದಕ್ಕೆ ಪುಟ್ಟಿ ಮೆತ್ತಿ ಇಪ್ಪತ್ತು ವರ್ಷ ಮೂಗು ಮುಚ್ಚಿಸಿದ್ದ. ನಾನು ಎಲ್ಲ ಕೆರೆದು ತೆಗ್ದೆ. ಮುಚ್ಚಳ ಎಳೆಯುವ ರಬ್ಬರ್ ಹರಿದಿತ್ತು, ಹೊಸ್ತು ಕತ್ತರಿಸಿ ಕೂರಿಸಿದೆ. ಇಂಜಿನಿನ ಬಿಸಿ ಗಾಳಿ ಸೇರ್ಬಾರ್ದು ಅಂತ ಬಾನೆಟ್ಟಿಗೂ ಏರ್ ಕ್ಲೀನರಿಗೂ ನಡುವೆ ಸುತ್ತ ರಬ್ಬರ್ ಲಂಗ ಕಟ್ಟಿದೆ. ಮೂರು ತಿಂಗಳು ಹಿಡೀತು."

"ಈ ದೇಶದ ಧೂಳೂ ಸೀದಾ ಒಳಗೆ ಹೋಗ್ತದಲ್ಲ?"

"ಅದಕ್ಕೇ ಬಾಯಿಯ ಒಳಗೆ ಒಂದು ಸ್ಪಂಜಿನ ಹಾಳೆ. ತೆಂಗಿನೆಣ್ಣೆಯಲ್ಲಿ ಅದ್ದಿ, ಹಿಂಡಿ ಇಟ್ಟದ್ದು."

"ತೆಂಗಿನೆಣ್ಣೆಯಾ?"

"ಮತ್ತೆ? ತಲೆಗೆ ಎಣ್ಣೆ ಹಾಕಿ ರಸ್ತೆಗೆ ಹೋದ್ರೆ ಧೂಳು ಹಿಡಿಯುದಿಲ್ವಾ? ಇದೂ ಹಾಗೇ. ಇವತ್ತು ಬೆಳಿಗ್ಗೆ ಹೊಸ ಹಾಳೆ ಹಾಕಿದೆ. ಹಳೇದ್ರಲ್ಲಿ ಧೂಳು ತುಂಬಿತ್ತು."

ಹೇಳಿದವನೇ ಭೋಜರಾಜ ಥಟ್ಟನೆ ಬಾಯಿ ಮುಚ್ಚಿಕೊಂಡ.

ಹರಿಣಾಕ್ಷಿ ಹುಬ್ಬೇರಿಸಿದಳು. "ನೀವು ಹೇಳಿದ್ದೆಂತ? ಗುರುವಾರ ಸಂಜೆ ಇದರ ಮಾಲಿಕ ಶ್ಯಾಮಸುಂದರ್ ಸರ್ ಕಾರು ಮನೆಗೆ ತಗೊಂಡು ಹೋದ್ರು, ಇವತ್ತು ಬೆಳಿಗ್ಗೆ ಹೆಡ್‌ಲೈಟಿನ ಬಳೆ ಇಲ್ಲ ಅಂತ ವಾಪಸ್ ತಂದ್ರು. ಅವರ ಮನೆ ಇಲ್ಲಿಂದ ಆರು ಕಿಲೋಮೀಟರ್. ಆರು ಕಿಲೋಮೀಟರಿಗೆ ಸ್ಪಂಜು ತುಂಬುವಷ್ಟು ಧೂಳಾ?"

"ಅದು… ಗಾಳಿ ಇತ್ತಲ್ಲ ಅಕ್ಕ."

ಪಾಪ, ಹೆದರಿದ್ದಾನೆ ಎಂದುಕೊಂಡಳು ಹರಿಣಾಕ್ಷಿ. ಹೆದರದೆ ಇರುವುದು ಹೇಗೆ? ಅವಳ ಫೈಲಿನಲ್ಲಿದ್ದ ಒಂದು ಕಾಗದ ಅವನ ಕುತ್ತಿಗೆಗೇ ಬಂದಿತ್ತು. ಕಾರು ಹಸ್ತಾಂತರದ ರಸೀದಿ ಅದು. ದಿನ: ಶುಕ್ರವಾರ. ಸಮಯ: ಮಧ್ಯಾಹ್ನ ಹನ್ನೆರಡೂವರೆ. ಕೆಳಗೆ ಎರಡು ಸಹಿ, ಒಂದು ಮಾಲಿಕ ಶ್ಯಾಮಸುಂದರರದು, ಇನ್ನೊಂದು ಭೋಜರಾಜನದೇ.

"ಗುರುವಾರ ಕೊಟ್ಟ ಗಾಡಿಗೆ ಶುಕ್ರವಾರ ಅಂತ ಬರೆದು ಸಹಿ ಹಾಕಿದ್ರಲ್ಲ ಮಾರಾಯ್ರೆ, ಯಾಕೆ?"

"ಗುರುವಾರ ಅಮಾವಾಸ್ಯೆ ಅಕ್ಕ. ಅಮಾವಾಸ್ಯೆ ದಿನ ಗಾಡಿ ತಗೊಂಡ್ರು ಅಂತ ಕಾಗದದಲ್ಲಿ ಬೇಡ ಅಂದ್ರು ಸರ್. ಶುಕ್ರವಾರ ರಾಹುಕಾಲ ಕಳೆದ ಮೇಲಿನ ಹೊತ್ತು ಬರೀರಿ ಅಂದ್ರು. ಬರೆದೆ. ಶುಭಕ್ಕೆ ಅಲ್ವಾ, ಅದ್ರಲ್ಲಿ ಎಂತ ಉಂಟು ಅಂತ…"

"ರಾಹುಕಾಲ ಒಮಾನಿನ ಗಂಟೆಗಾ, ಊರಿನ ಗಂಟೆಗಾ?"

"ಅದನ್ನು ಅವರೂ ಫೋನ್ ಮಾಡಿ ಕೇಳಿದ್ರು."

ಹರಿಣಾಕ್ಷಿಗೆ ನಗುವೂ ಬಂತು, ಸಿಟ್ಟೂ ಬಂತು. ಇದನ್ನು ಠಾಣೆಯ ಅಧಿಕಾರಿಗೆ ಅರಬಿಯಲ್ಲಿ ಹೇಗೆ ತಿಳಿಸುವುದು? ಚಂದ್ರ ಕಾಣದ ದಿನಕ್ಕೆ ಹೆದರಿ ಇಬ್ಬರು ವಯಸ್ಕರು ಸುಳ್ಳು ತಾರೀಖಿಗೆ ಸಹಿ ಹಾಕಿದರು ಎಂದರೆ ಅವರು ನಂಬುತ್ತಾರೆಯೇ?

"ಹಳೇ ಸ್ಪಂಜು ಎಲ್ಲಿ ಬಿಸಾಡಿದ್ರಿ?"

"ಅದೆಂತಕ್ಕೆ ಅಕ್ಕ?" ಭೋಜರಾಜನ ದನಿ ಯಾಕೋ ಇಳಿಯಿತು.

ಕೇಳಿದ ಪ್ರಶ್ನೆಗೆ ಪ್ರಶ್ನೆ ಬಂದರೆ ಹರಿಣಾಕ್ಷಿ ಉತ್ತರ ಹುಡುಕಿಕೊಳ್ಳುವುದು ತಾನೇ. ಪಟ್ಟಿಯಿಂದ ದೂರ, ಶೆಡ್ಡಿನ ಮೂಲೆಯಲ್ಲಿದ್ದ ಕಸದ ಡ್ರಮ್ಮಿಗೆ ಕೈ ಹಾಕಿದಳು. ಚಿಂದಿ ಬಟ್ಟೆ, ಪೇಂಟ್ ಡಬ್ಬಿ, ತಿಂದು ಬಿಟ್ಟ ಖುಬೂಸ್ ರೊಟ್ಟಿಯ ಚೂರು. ಅದರಡಿಯಲ್ಲಿ ಹಾಳೆ ಸಿಕ್ಕಿತು. ಮೂಗಿನ ಹತ್ತಿರ ತಂದಳು. ಧೂಳಿನ ಕೆಳಗಿಂದ ತೆಂಗಿನೆಣ್ಣೆಯ ಪರಿಮಳ ಬಂತು, ಅಮ್ಮನ ಜಡೆಯ ನೆನಪಾಯಿತು.

ಬೆಳಕಿಗೆ ಹಿಡಿದು ನೋಡಿದಳು. ಹಾಳೆಯ ತುಂಬ ಕಪ್ಪಿಗೂ ಹಸಿರಿಗೂ ನಡುವಿನ ಬಣ್ಣದ ನಯವಾದ ಪುಡಿ. ಸೊಹಾರಿನ ಕಡಲ ಬದಿಯ ಮರಳು ಹೀಗಿರುವುದಿಲ್ಲ. ತಾಮ್ರದ ಗಣಿಗಳಿದ್ದ ಕಣಿವೆಯ ಗುಡ್ಡ ಒಡೆದ ಪುಡಿ ಇದು. ಬುರೈಮಿ ರಸ್ತೆಯ ಅಗಲೀಕರಣ ನಡೆಯುವ ಕಡೆ ಅವಳ ಗಾಡಿಯ ಗಾಜಿನ ಮೇಲೂ ಎಷ್ಟೋ ಸಲ ಇದೇ ಕೂತಿತ್ತು. ಸರಿ, ಕಾರು ಕಣಿವೆಗೆ ಹೋದದ್ದು ಹೇಗೂ ಗೊತ್ತು. ಅದರಲ್ಲೇನೂ ಹೊಸತಿಲ್ಲ.

ಹಾಳೆಯ ನಡುವೆ ಏನೋ ಉಬ್ಬಿಕೊಂಡಿತ್ತು. ಉಗುರಿನಿಂದ ಮೇಲಿನ ಧೂಳು ಸರಿಸಿದಳು. ಚಪ್ಪಟೆಯಾದ, ಅಂಚು ದಪ್ಪಗಿದ್ದ ಒಂದು ಬೀಜ. ಅದರ ಸುತ್ತ ಕೆಂಪು. ಬೆರಳಿಗೆ ಹತ್ತಿದ ಕೆಂಪನ್ನು ಉಜ್ಜಿ ನೋಡಿದಳು. ರಕ್ತವಲ್ಲ, ಕುಂಕುಮ.

"ಬೂದುಗುಂಬಳ!"

ಭೋಜರಾಜ ಬಾಯಿ ತೆರೆದು ನಿಂತ. "ಕಾರಿನ ಒಳಗೆ ಕುಂಬಳಕಾಯಿಯಾ?"

ಹರಿಣಾಕ್ಷಿ ಚೀಲದಿಂದ ಚಿಮುಟ ತೆಗೆದಳು. ಮೊದಲು ನಾಲ್ಕು ಫೋಟೋ. ಆಮೇಲೆ ಉಸಿರು ಬಿಗಿಹಿಡಿದು ಬೀಜವನ್ನು ಮೆಲ್ಲಗೆ ಎತ್ತಿದಳು. ಬೀಜದ ಮೇಲೆ ಧೂಳಿತ್ತು, ಸುತ್ತಲೂ ಧೂಳಿತ್ತು. ಬೀಜ ಕೂತಿದ್ದ ಜಾಗದಲ್ಲಿ ಮಾತ್ರ ಸ್ಪಂಜು ಬೆಳ್ಳಗೆ, ಎಣ್ಣೆ ಮಿನುಗುತ್ತ, ಹೊಸದಾಗಿಯೇ ಉಳಿದಿತ್ತು.

ಅವಳಿಗೆ ಕುಣಿಯಬೇಕು ಅನಿಸಿತು. ನಲವತ್ತಾರರ ಮಂಡಿ ಅದಕ್ಕೆ ಒಪ್ಪಲಿಲ್ಲ.

"ನೋಡಿ ಭೋಜಣ್ಣ! ಬೀಜದ ಅಡಿಯಲ್ಲಿ ಒಂದು ಚಿಟಿಕೆ ಧೂಳಿಲ್ಲ. ಅಂದ್ರೆ ಬೀಜ ಮೊದಲು ಬಂತು, ಕಣಿವೆಯ ಧೂಳು ಆಮೇಲೆ. ಕಾರಿನ ಎದುರು ಯಾರೋ ಬೂದುಗುಂಬಳ ನಿವಾಳಿಸಿ ಒಡೆದಿದ್ದಾರೆ, ಆವಾಗ ಮುಚ್ಚಳ ತೆರೆದು ಇದನ್ನು ಒಳಗೆ ಎಳೆದಿದೆ. ಅದಾದ ಮೇಲೆಯೇ ಕಾರು ಕಣಿವೆಗೆ ಹೋದದ್ದು. ನೀವು ಗಾಡಿಗೆ ಕುಂಬಳಕಾಯಿ ಒಡೀತೀರಾ?"

"ಇಲ್ಲಪ್ಪ. ನಾನು ಒಂದು ಊದುಬತ್ತಿ ಹಚ್ಚಿದ್ರೆ ಹೆಚ್ಚು."

"ಹಾಗಾದ್ರೆ ಒಡೆದದ್ದು ಮಾಲಿಕರ ಮನೆಯಲ್ಲಿ. ಗಾಡಿಗೆ ದೃಷ್ಟಿ ತೆಗೆಯುದು ಅಮಾವಾಸ್ಯೆಗೆ, ಪಾಡ್ಯಕ್ಕಲ್ಲ. ಗುರುವಾರ ಸಂಜೆಯೇ ಕಾರು ಅವರ ಅಂಗಳದಲ್ಲಿತ್ತು ಅಂತ ಆಯ್ತು. ಖಲಾಸ್! ನೀವು ಉಳಿದ್ರಿ!"

ಭೋಜರಾಜ ಸಂತೋಷ ಪಡಬೇಕಿತ್ತು. ಅವನು ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಸ್ಪ್ಯಾನರನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತಿದ್ದ.

"ಅದನ್ನು ಅವರ ಮನೆಗೆ ತಗೊಂಡು ಹೋಗ್ಲೇಬೇಕಾ ಅಕ್ಕ?" ಎಂದ.

ಅವಳಾಗಲೇ ತನ್ನ ಕಾರಿನ ಕೀಲಿ ತೆಗೆದಿದ್ದಳು.

*

ಶ್ಯಾಮಸುಂದರ ಅಲ್ಯೂಮಿನಿಯಂ ಕಾರ್ಖಾನೆಯ ಸೀನಿಯರ್ ಇಂಜಿನಿಯರ್. ಮೈಸೂರಿನವರು, ಸೊಹಾರಿಗೆ ಬಂದು ಹನ್ನೊಂದು ವರ್ಷ. ಬಾಗಿಲು ತೆರೆದ ಅವರ ಮುಖದಲ್ಲಿ ಮರ್ಯಾದೆ ಇತ್ತು, ಸ್ವಾಗತ ಇರಲಿಲ್ಲ.

"ಮೇಡಂ, ಎಲ್ಲಾ ಪೊಲೀಸರಿಗೆ ಹೇಳಿ ಆಗಿದೆ. ರಸೀದಿ ಕಾಪಿನೂ ಕೊಟ್ಟಿದೀನಿ."

"ಹತ್ತು ನಿಮಿಷ ಸರ್. ನನಗೆ ಕಾರಿನ ಬಗ್ಗೆ ಸ್ವಲ್ಪ ಕುತೂಹಲ, ಅಷ್ಟೇ."

ಅವರ ಹೆಂಡತಿ ನೀರಜಾ ಕಾಫಿ ತಂದರು. ಮೈಸೂರಿನ ಶಾಲೆಯೊಂದರಲ್ಲಿ ಟೀಚರಾಗಿದ್ದವರು, ಸ್ವಯಂ ನಿವೃತ್ತಿ ಪಡೆದು ಗಂಡನ ಜೊತೆಗಿರಲು ಬಂದು ಇಪ್ಪತ್ತು ದಿನವಾಗಿತ್ತಷ್ಟೆ. "ಸಕ್ಕರೆ ಸಾಕಾ ನೋಡಿ" ಎಂದು ಗಂಡನ ಪಕ್ಕದಲ್ಲೇ ಕೂತರು.

"ಶುಕ್ರವಾರ ಮಧ್ಯಾಹ್ನ ಕಾರು ಬಂತು. ಆಮೇಲೆ ಎಲ್ಲಿಗಾದ್ರೂ ಹೋದ್ರಾ ಸರ್?"

"ಎಲ್ಲಿಗೂ ಇಲ್ಲ. ಹೊದಿಕೆ ಹಾಕಿ ನಿಲ್ಲಿಸಿದ್ದೆ. ಬೆಳಿಗ್ಗೆ ನೋಡಿದ್ರೆ ಹೆಡ್‌ಲೈಟ್ ರಿಂಗ್ ಇಲ್ಲ. ಅವನೇ ಸರಿಯಾಗಿ ಕೂರಿಸಿಲ್ಲ ಅಂತ ವಾಪಸ್ ತಗೊಂಡ್ ಹೋದೆ. ಅಲ್ಲಿಗೆ ಪೊಲೀಸ್ ಬಂದ್ರು. ಆಗ್ಲೇ ನನಗೂ ಗೊತ್ತಾಗಿದ್ದು."

"ಮನೇಲಿ ಪೂಜೆ ಗೀಜೆ?"

"ಅದೆಲ್ಲ ಯಾಕೆ?"

ಹರಿಣಾಕ್ಷಿ ಸಣ್ಣ ಪ್ಲಾಸ್ಟಿಕ್ ಚೀಲವನ್ನು ಟೀಪಾಯಿಯ ಮೇಲಿಟ್ಟಳು. ಒಳಗೆ ಒಂದೇ ಬೀಜ. ಪಕ್ಕದಲ್ಲಿ ಮೊಬೈಲಿನ ಫೋಟೋ. ಎಣ್ಣೆ, ಧೂಳು, ಬೆಳ್ಳಗೆ ಉಳಿದ ಜಾಗ, ಎಲ್ಲವನ್ನೂ ಅವರ ಮನೆಗೆ ಬಂದ ನೆಂಟರ ಹಾಗೆ ನಿಧಾನವಾಗಿ ವಿವರಿಸಿದಳು. ಶ್ಯಾಮಸುಂದರ ಇಂಜಿನಿಯರಲ್ಲವೇ, ಪೂರ್ತಿ ಹೇಳುವ ಮೊದಲೇ ಅವರಿಗೆ ಅರ್ಥವಾಗಿತ್ತು. ಕಿವಿ ಕೆಂಪಗಾಯಿತು.

"ಅವನೇ ಗರಾಜ್ ಮುಂದೆ ಒಡೆದಿರ್ಬೋದು!"

"ಭೋಜಣ್ಣ ಒಡೆಯುದಿಲ್ಲ."

"ನೀವು ಅವನ ಕಡೆಯವರು. ನಿಮ್ಮಿಬ್ಬರ ಊರೂ ಒಂದೇ. ಒಂದು ಬೀಜ ಹಿಡ್ಕೊಂಡು ಬಂದು ನನ್ನನ್ನ ಕಳ್ಳ ಅಂತಿದೀರಾ?"

"ಕಳ್ಳ ಅಂತ ಹೇಳ್ಲಿಲ್ಲ ಸರ್. ಒಬ್ಬ ಮನುಷ್ಯ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಇನ್ನೊಬ್ಬ ನಾಳೆ ಜೈಲಿಗೆ ಹೋಗ್ತಾನೆ. ಅವನು ಬರೆದದ್ದು ನೀವು ಹೇಳಿದ ತಾರೀಖು. ಶುಭಕ್ಕೆ ಅಂತ ಬರೆಸಿದ್ದು ಅವನಿಗೆ ಎಷ್ಟು ಅಶುಭ ಆಯ್ತು ನೋಡಿ."

ಶ್ಯಾಮಸುಂದರ ಎದ್ದು ನಿಂತರು. "ಯಲ್ಲಾ ಮೇಡಂ, ಹೊರಡಿ."

"ರೀ, ಕೂತ್ಕೊಳ್ಳಿ."

ನೀರಜಾ ಹೇಳಿದ್ದು ಮೆತ್ತಗೆ, ಆದರೆ ನಲವತ್ತು ಮಕ್ಕಳನ್ನು ಒಮ್ಮೆಲೇ ಕೂರಿಸಿ ಅಭ್ಯಾಸವಾದ ದನಿಯಲ್ಲಿ. ಗಂಡ ಕೂತರು.

"ಕುಂಬಳಕಾಯಿ ಒಡೆದಿದ್ದು ನಾನು, ಮೇಡಂ. ಗುರುವಾರ ಸಂಜೆ ಏಳು ಗಂಟೆಗೆ. ನಮ್ಮ ಕಡೆ ಅಮಾವಾಸ್ಯೆ ಬಂದ್ರೆ ಸ್ಕೂಟರಿಗೂ ದೃಷ್ಟಿ ತೆಗೀತೀವಿ, ಇಷ್ಟು ದೊಡ್ಡ ಕೆಂಪು ಕಾರಿಗೆ ಬಿಡ್ತೀನಾ? ಇವರು ಬಾನೆಟ್ ಬಾಯಿ ಹೇಗೆ ತೆರೆಯುತ್ತೆ ತೋರಿಸ್ತೀನಿ ಅಂತ ಒಳಗೆ ಕೂತು ಗುರ್ ಗುರ್ ಅನ್ನಿಸ್ತಾ ಇದ್ರು. ನಾನು ಜೋರಾಗಿ ಹೊಡೆದೆ, ಬಾನೆಟ್ ಮೇಲೆಲ್ಲ ಸಿಡೀತು. ಒರೆಸಿದ್ದೂ ನಾನೇ."

"ನೀರಜಾ!"

"ಸುಳ್ಳು ಹೇಳಿ ಇನ್ನೊಬ್ಬರ ಮನೆ ಹಾಳು ಮಾಡೋದು ಬೇಡ ರೀ. ನನಗೆ ಬೆಳಿಗ್ಗೆಯಿಂದ ಊಟ ಸೇರ್ತಿಲ್ಲ."

ಹರಿಣಾಕ್ಷಿಗೆ ಆ ಹೆಂಗಸಿನ ಕೈ ಹಿಡಿದುಕೊಳ್ಳಬೇಕೆನಿಸಿತು. ಶ್ಯಾಮಸುಂದರ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮಾತಾಡಿದಾಗ ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

"ಪಾಲಿಸಿ ಶುರುವಾಗೋದು ಶುಕ್ರವಾರ ಹನ್ನೆರಡೂವರೆಗೆ ಅಂತ ನಾನೇ ಬರೆಸಿದ್ದೆ. ಅದೂ ಅಮಾವಾಸ್ಯೆ ಕಳೀಲಿ ಅಂತಾನೇ. ಆದ್ರೆ ಮೂರು ತಿಂಗಳು ಕಾದಿದ್ದೆ ಮೇಡಂ, ಇನ್ನೊಂದು ರಾತ್ರಿ ಆಗ್ಲಿಲ್ಲ. ಗುರುವಾರವೇ ತಂದೆ. ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ತಂದೆ ಅಂತ ಗೊತ್ತಾದ್ರೆ ನನ್ನ ಕೆಲಸ, ವೀಸಾ… ಹೆದರಿಬಿಟ್ಟೆ."

"ಸರಿ. ಹಾಗಾದ್ರೆ ಶುಕ್ರವಾರ ಬೆಳಿಗ್ಗೆ ಓಡಿಸಿದ್ದು ನೀವಾ?"

"ಇಲ್ಲ! ದೇವರಾಣೆ ಇಲ್ಲ." ಅವರು ಹೆಂಡತಿಯ ಕಡೆ ನೋಡಿದರು. "ಅವತ್ತು ಬೆಳಿಗ್ಗೆ ಕಾರು ತಗೊಂಡ್ ಹೋಗಿದ್ದು ಭೋಜರಾಜನೇ."

ಹರಿಣಾಕ್ಷಿಯ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

"ಎಂತ ಹೇಳ್ತೀರಿ?"

"ಗುರುವಾರ ಫೋನ್ ಮಾಡಿದ್ದ. ತಂಪು ಗಾಳಿ ಎಳೆಯೋ ಇಂಜಿನ್, ಬೆಳಗಿನ ತಂಪಲ್ಲೇ ಒಮ್ಮೆ ಓಡಿಸಿ ಟ್ಯೂನ್ ಮಾಡ್ಬೇಕು, ಎಂಟರೊಳಗೆ ತಂದು ನಿಲ್ಲಿಸ್ತೀನಿ ಅಂದ. ಅವನ ಹತ್ರ ಇನ್ನೊಂದು ಕೀಲಿ ಇತ್ತು. ಆಯ್ತು ಅಂದೆ. ನಾನು ಏಳೋ ಹೊತ್ತಿಗೆ ಕಾರು ಹೊದಿಕೆ ಹೊದ್ದು ಜಾಗದಲ್ಲೇ ಇತ್ತು. ಅವನು ಯಾಕೆ ನಿಮಗೆ ಹೇಳ್ಲಿಲ್ಲ, ಯೋಚನೆ ಮಾಡಿ."

ಧೂಳು ತುಂಬಿತ್ತು ಎಂದು ಹೇಳಿ ಬಾಯಿ ಮುಚ್ಚಿಕೊಂಡದ್ದು. ಒರೆಸಿದ ಸ್ಪ್ಯಾನರನ್ನೇ ಒರೆಸಿದ್ದು. ಹೆದರಿಕೆ ಎಂದುಕೊಂಡಿದ್ದಳು ಹರಿಣಾಕ್ಷಿ. ಹತ್ತು ವರ್ಷ ನಂಬಿದ ಮನುಷ್ಯ ಅವಳ ಮುಖ ನೋಡಿಯೇ ಸುಳ್ಳು ಹೇಳಿದ್ದ.

"ನೀವು ಕಣ್ಣಾರೆ ನೋಡಿದ್ರಾ ಸರ್?"

"ನಾನು ಮಲಗಿದ್ದೆ. ನೋಡಿದ್ದು ಇವಳು."

ನೀರಜಾ ತಲೆಯಾಡಿಸಿದರು. "ಐದು ಗಂಟೆ ಇರ್ಬೇಕು. ಇವರು ಪಕ್ಕದಲ್ಲಿ ಗೊರಕೆ ಹೊಡೀತಿದ್ರು. ಶಬ್ದ ಕೇಳಿ ಮಹಡಿ ಕಿಟಕಿಯಿಂದ ನೋಡಿದೆ. ಪೋರ್ಟಿಕೋ ದೀಪ ಇತ್ತು, ಗರಾಜಲ್ಲಿ ನೋಡಿದ್ದೆನಲ್ಲ, ಭೋಜರಾಜ ಅವರೇ, ಅನುಮಾನ ಇಲ್ಲ. ಹೊದಿಕೆ ಮಡಚಿ ಇಟ್ರು. ಆ ಕಡೆ ಹೋಗಿ ಬಂದ್ರು. ಆಮೇಲೆ ಡ್ರೈವರ್ ಬಾಗಿಲು ತೆಗೆದು ಕೂತ್ರು. ಕೂತ ತಕ್ಷಣ ಹೊರಟೇಬಿಡ್ತು."

"ಆ ಕಡೆ ಅಂದ್ರೆ?"

"ಗೋಡೆ ಕಡೆ. ಅಲ್ಲಿ ಕತ್ತಲು, ಮೇಲಿಂದ ಏನೂ ಕಾಣಲ್ಲ. ಅವರು ಕೂತಿದ್ದು ಈ ಕಡೆ, ದೀಪದ ಕಡೆ. ಬಲಗಡೆ."

"ಬಲಗಡೆ?"

"ಹೂಂ, ಕಾರಿನ ಬಲಗಡೆ. ಡ್ರೈವರ್ ಬಾಗಿಲು."

ಹನ್ನೊಂದು ವರ್ಷದಿಂದ ಈ ದೇಶದಲ್ಲಿ ಗಾಡಿ ಓಡಿಸುವ ಶ್ಯಾಮಸುಂದರ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಹರಿಣಾಕ್ಷಿ ಲೋಟ ಕೆಳಗಿಟ್ಟಳು.

"ನೀರಜಾ ಅವರೇ, ನೀವು ಇಲ್ಲಿ ಬಂದ ಮೇಲೆ ಕಾರಲ್ಲಿ ಓಡಾಡಿದ್ದೀರಲ್ಲ?"

"ಹಿಂದೆ ಕೂತ್ಕೊಂಡು. ಮುಂದೆ ಇವರ ಲ್ಯಾಪ್‌ಟಾಪ್ ಇರುತ್ತೆ. ಯಾಕೆ?"

"ಈ ದೇಶದ ಗಾಡಿಗೆ ಸ್ಟೀರಿಂಗ್ ಎಡಗಡೆ. ಆ ಅಮೆರಿಕದ ಗಾಡಿಗೂ ಎಡಗಡೆಯೇ."

ನೀರಜಾರ ಕೈ ತಾನಾಗಿ ಬಾಯಿಗೆ ಹೋಯಿತು. ಮೈಸೂರಿನ ರಸ್ತೆಗಳಲ್ಲಿ ಐವತ್ತು ವರ್ಷ ಕಂಡ ಕಣ್ಣು, ಬಲಗಡೆ ಹತ್ತಿದವನನ್ನು ಡ್ರೈವರ್ ಎಂದೇ ಲೆಕ್ಕ ಹಾಕಿತ್ತು. ಭೋಜರಾಜ ಹೋದದ್ದು ನಿಜ. ಓಡಿಸಿದ್ದು ಅವನಲ್ಲ. ಕಾರಿನ ಮಾಲಿಕರು ಮಹಡಿಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ, ಗೋಡೆಯ ಕಡೆಯ ಕತ್ತಲಲ್ಲಿ ಮೂರನೆಯ ಒಬ್ಬರು ಸ್ಟೀರಿಂಗ್ ಹಿಡಿದಿದ್ದರು. ಅವರಿಗೆ ಎಡಗಡೆಯ ಬಾಗಿಲು ತೆರೆದು ಕೂರಿಸಿ ಬಂದವನೇ ಭೋಜರಾಜ.

ಹರಿಣಾಕ್ಷಿ ಅಂಗಳಕ್ಕೆ ಓಡಿ ಬಂದು ಅವನಿಗೆ ಫೋನ್ ಮಾಡಿದಳು. ಆರನೇ ರಿಂಗಿಗೆ ಎತ್ತಿದ.

"ಭೋಜಣ್ಣ, ಎಲ್ಲ ಗೊತ್ತಾಯ್ತು. ನೀವು ಬಲಗಡೆ ಕೂತದ್ದು. ನಿಮ್ಮ ಮೇಲೆ ಓಡಿಸಿದ ತಪ್ಪೇ ಬರುದಿಲ್ಲ. ಒಂದು ಹೆಸರು ಹೇಳಿ ಸಾಕು. ಎಡಗಡೆ ಯಾರಿದ್ರು?"

ಆ ಕಡೆ ಯಾರೋ ಅರಬಿಯಲ್ಲಿ ಮಾತಾಡುವುದು, ಕುರ್ಚಿ ಎಳೆಯುವುದು ಕೇಳಿಸಿತು.

"ನೀವು ಬೀಜ ಹಿಡ್ಕೊಂಡು ಹೊರಟಾಗಲೇ ನನಗೆ ಗೊತ್ತಾಯ್ತು ಅಕ್ಕ, ಇನ್ನು ನೀವು ಬಿಡುದಿಲ್ಲ ಅಂತ," ಎಂದ ಭೋಜರಾಜ. ದನಿ ನಡುಗುತ್ತಿರಲಿಲ್ಲ. "ಅದಕ್ಕೇ ನಾಳೆವರೆಗೆ ಕಾಯ್ಲಿಲ್ಲ. ಈಗ ಠಾಣೆಯಲ್ಲೇ ಇದ್ದೇನೆ. ಓಡಿಸಿದ್ದು ನಾನೇ ಅಂತ ಬರೆದು ಸಹಿ ಹಾಕಿ ಆಯ್ತು. ನಿಮ್ಮ ಕಾಲಿಗೆ ಬೀಳ್ತೇನೆ ಅಕ್ಕ, ಆ ಹೆಸರು ಮಾತ್ರ ಹುಡುಕ್ಬೇಡಿ."